ಐದಕ್ಕೆ ಎರಡು

ಏಪ್ರಿಲ್ 9, ರಾತ್ರಿ 2.20

ಲೋಟ ಬಿದ್ದ ಸದ್ದು. ನಡುಮನೆಯಲ್ಲಿ. ಉರುಳಿ ಉರುಳಿ ಗೋಡೆಗೆ ತಾಗಿ ನಿಂತಿತು. ಗುಬ್ಬಿ ಬೆಚ್ಚಿ ಎದ್ದಳು. ಆಗಷ್ಟೇ ಅವಳನ್ನು ಮಲಗಿಸಿ ನಾನೂ ಕಣ್ಣು ಮುಚ್ಚಿದ್ದೆ. ಮಾವ ನೀರಿಗೆ ಎದ್ದಿರಬೇಕು. ದೀಪ ಹಾಕಿಕೊಳ್ಳುವುದಿಲ್ಲ. ನನ್ನ ಮನೆಯಲ್ಲಿ ನನಗೆ ದೀಪ ಯಾಕೆ ಅನ್ನುತ್ತಾರೆ. ಸರಿ. ಬೀಳಿಸುವುದು ಅವರು, ಏಳುವುದು ನಾನು. ಕೆಲಸ ಹಂಚಿಕೊಂಡ ಹಾಗೆ.

ಹೆಗಲ ಮೇಲೆ ಮಗು, ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ. ಯಾರಿಗೆ ಅಂದರೆ ಯಾರಿಗೂ ಅಲ್ಲ. ಹಗಲು ನುಂಗಿದ್ದನ್ನು ರಾತ್ರಿ ಕಕ್ಕುವುದು. ಮಗಳಂತೆ ತಾಯಿ.

ಬೆಳಿಗ್ಗೆ ಮಾವ ಗುಬ್ಬಿಯನ್ನು ಕಿಟಕಿಯ ಹತ್ತಿರ ಎತ್ತಿ ಹಿಡಿದು ನೋಡಿದರು. "ಇನ್ನೂ ಹಳದಿ ಇದೆಯಲ್ಲಮ್ಮ. ಕಾಮಾಲೆ ಪೂರ್ತಿ ಹೋಗಿಲ್ಲ."

ಹುಟ್ಟಿದಾಗ ಇತ್ತು, ನಿಜ. ಕೆಲವೇ ದಿನಗಳಲ್ಲಿ ಹೋಯಿತು. ಈಗ ಐದು ತಿಂಗಳ ಕೂಸು. ಮಕ್ಕಳ ಡಾಕ್ಟರು ಎರಡು ಸಲ ರಕ್ತ ಪರೀಕ್ಷೆ ಮಾಡಿಸಿ ಏನೂ ಇಲ್ಲ ಅಂದರು. ಮೂರನೇ ಸಲ ಹೋದಾಗ ನಕ್ಕೇಬಿಟ್ಟರು. "ಮಗುವಿಗೆ ಏನೂ ಬೇಡ. ತಾಯಿಗೆ ನಿದ್ದೆ ಬರ್ಕೊಡ್ಲಾ?"

ಆದರೆ ಮಾವ ಹೇಳಿದ ಮೇಲೆ ಈ ಮನೆಯಲ್ಲಿ ಎದುರು ಮಾತಿಲ್ಲ. ಮೂವತ್ತು ವರ್ಷ ಮಣ್ಣಿನ ಬಣ್ಣ ಅಳೆದ ಕಣ್ಣು. ಅತ್ತೆ ಪರದೆ ಬಟ್ಟೆ ಕೊಂಡರೂ ಮೊದಲು ಅವರಿಗೆ ತೋರಿಸಬೇಕು. ಹಾಗಾಗಿ ದಿನಾ ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಮಗುವಿನ ಮೂಗಿನ ತುದಿ ಒತ್ತಿ ನೋಡುತ್ತೇನೆ. ಬೆರಳು ತೆಗೆದ ಜಾಗ ಬಿಳಿಯಾ, ಹಳದಿಯಾ... ನೋಡುತ್ತ ನೋಡುತ್ತ ಗೋಡೆಯೂ ಹಳದಿ ಕಾಣುತ್ತದೆ.

ಸೋಮವಾರದಿಂದ ಡ್ಯೂಟಿ. ಹೇಗೋ.


ಏಪ್ರಿಲ್ 15

ಕೆಲಸಕ್ಕೆ ಹೋದೆ. ಕುರ್ಚಿ ಹಾಗೇ ಇದೆ, ಅದರ ಮೇಲಿನ ದಿಂಬು ಮಾತ್ರ ಯಾರೋ ಹೊತ್ತುಕೊಂಡು ಹೋಗಿದ್ದಾರೆ.

ನಮ್ಮದು ಮಣ್ಣು ಪರೀಕ್ಷೆಯ ಸಣ್ಣ ಲ್ಯಾಬು. ಮಾವ ಅಲ್ಲಿ ಹಿರಿಯರು, ಸಹಿ ಅವರದು. ನಾನು ಅವರ ಕೈಕೆಳಗೆ ಕಲಿತವಳು, ಆಮೇಲೆ ಅವರ ಸೊಸೆಯಾದವಳು. "ಹುಡುಗಿಯ ಕಣ್ಣು ಚೆನ್ನಾಗಿದೆ" ಎಂದು ಮಗನಿಗೆ ಹೇಳಿದ್ದರಂತೆ. ಇವರು ಏನೋ ಅಂದುಕೊಂಡು ನೋಡಲು ಬಂದರು, ಪಾಪ. ಮಾವ ಹೇಳಿದ್ದು ನಾನು ಕಂದಿನಲ್ಲಿ ಕಂದು ಬೇರೆ ಮಾಡುತ್ತೇನೆ ಅಂತ.

ಬಣ್ಣದ ಪುಸ್ತಕವನ್ನು ತಿಂಗಳುಗಳ ನಂತರ ಮುಟ್ಟಿದೆ. ಒಂದೊಂದು ಪುಟ ಒಂದೊಂದು ಬಣ್ಣದ ಕುಲ. ಪುಟದ ತುಂಬ ಉಗುರಿನಷ್ಟು ಬಣ್ಣದ ಚೌಕಗಳು, ಪ್ರತಿ ಚೌಕದ ಪಕ್ಕ ಒಂದು ತೂತು. ಮೇಲಿಂದ ಕೆಳಗೆ ಬಂದರೆ ಕಪ್ಪಾಗುತ್ತದೆ. ಎಡದಿಂದ ಬಲಕ್ಕೆ ಹೋದರೆ ಬಣ್ಣ ಏರುತ್ತದೆ. ಮಣ್ಣಿನ ಹೆಂಟೆ ಮುರಿದು, ನೀರು ಚಿಮುಕಿಸಿ, ಬಿಸಿಲಿಗೆ ಬೆನ್ನು ಹಾಕಿ, ತೂತಿನ ಹಿಂದೆ ಹಿಡಿದು ಹೊಂದಿಸಬೇಕು. ಇಬ್ಬರು ಬೇರೆ ಬೇರೆ ನೋಡಿ, ಬೇರೆ ಬೇರೆ ಚೀಟಿಯಲ್ಲಿ ಬರೆದು, ಮಗುಚಿ ಇಡಬೇಕು. ಆಮೇಲೆ ಒಟ್ಟಿಗೆ ತಿರುಗಿಸಬೇಕು. ತಾಳೆಯಾಗದಿದ್ದರೆ ಹಿರಿಯರದ್ದು ನಿಲ್ಲುತ್ತದೆ. ಇದು ಮಾವನೇ ಮಾಡಿದ ನಿಯಮ. ಈ ಮೊದಲು ತಾಳೆಯಾಗದೆ ಇದ್ದದ್ದೇ ಅಪರೂಪ.

ಗುಬ್ಬಿಯನ್ನು ತೊಟ್ಟಿಲಕ್ಕನ ಬಳಿ ಬಿಟ್ಟೆ. ನಿಜವಾದ ಹೆಸರು ಯಾರೂ ಕರೆಯುವುದಿಲ್ಲ. ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ತನ್ನ ಮುಂದಿನ ಕೋಣೆಯಲ್ಲಿ ಸಾಲಾಗಿ ಮಲಗಿಸಿಕೊಂಡಿರುತ್ತಾಳೆ. ಕಾರ್ಖಾನೆಯ ಕ್ವಾರ್ಟರ್ಸ್, ಕೆಳಗಿನ ಸಾಲಿನ ಕೊನೆ ಮನೆ. ಹೊಸ ರಸ್ತೆಗೆಂದು ಹಿಂದಿನ ದಿಬ್ಬವನ್ನು ನೇರ ಕಡಿದಿದ್ದಾರೆ. ಅವಳ ಹಿತ್ತಲ ಬಾಗಿಲು ತೆಗೆದರೆ ಎದುರಿಗೇ ಮಣ್ಣಿನ ಗೋಡೆ, ಮೂರು ಆಳೆತ್ತರ.

"ಗಾಳಿ ಕಡಿಮೆ ಆಯ್ತು, ಅದು ಬಿಟ್ರೆ ಒಳ್ಳೇದೇ. ಕಳ್ಳರ ಕಾಟ ಇಲ್ಲ," ಅಂದಳು.


ಏಪ್ರಿಲ್ 28, ರಾತ್ರಿ 1

ಕಾರ್ಖಾನೆಯವರು ನಮಗೇ ಕೊಟ್ಟಿದ್ದಾರೆ, ಆ ದಿಬ್ಬದ ಪರೀಕ್ಷೆ. ಮಳೆಗಾಲದಲ್ಲಿ ಕೆಳಗಿನ ಸಾಲಿನವರನ್ನು ಗೋದಾಮಿಗೆ ಸಾಗಿಸಬೇಕೋ ಬೇಡವೋ ಎಂಬುದು ನಮ್ಮ ವರದಿಯ ಮೇಲೆ.

ಇವತ್ತು ಮಾವ, ನಾನು ಇಬ್ಬರೂ ಹೋದೆವು. ಸೊಂಟದೆತ್ತರದಲ್ಲಿ ಒಂದು ಪದರ. ಹೆಂಟೆ ಮುರಿದೆ, ಹೊಂದಿಸಿದೆ, ಬರೆದೆ. ಹತ್ತು ವೈಆರ್ ಎಂಬ ಪುಟ, ಐದಕ್ಕೆ ಎರಡು: ಕಪ್ಪಿನ ಸಾಲು ಐದು, ಬಣ್ಣದ ಏರು ಎರಡು. ಮಾವ ಬರೆದರು. ಚೀಟಿ ತಿರುಗಿಸಿದೆವು. ಐದಕ್ಕೆ ನಾಲ್ಕು.

ಎರಡು ಅಂದರೆ ಬೂದು. ನಾಲ್ಕು ಅಂದರೆ ಕಂದು. ಕಂದು ಮಣ್ಣಿನಲ್ಲಿ ನೀರು ಇಳಿದು ಹೋಗುತ್ತದೆ. ನೀರು ವರ್ಷವರ್ಷವೂ ತಿಂಗಳುಗಟ್ಟಲೆ ನಿಂತ ಮಣ್ಣು ಮಾತ್ರ ಹೀಗೆ ಬೂದಾಗುತ್ತದೆ. ಬೇಸಿಗೆಯಲ್ಲಿ ಒಣಗಿ ಏನೂ ಅರಿಯದ ಹಾಗಿರುತ್ತದೆ. ಮಳೆ ಬಂದರೆ ಆ ಪದರದ ಮೇಲೆ ನೀರು ಕೂರುತ್ತದೆ, ನೀರಿನ ಮೇಲೆ ದಿಬ್ಬ ಜಾರುತ್ತದೆ.

"ಮಾವ, ಇನ್ನೊಂದ್ ಸಲ ನೋಡಿ. ನೀರು ನಿಂತ ತುಕ್ಕಿನ ಚುಕ್ಕೆಗಳೂ ಇವೆ."

"ಬೇರು ಕೊಳೆತ ಗುರುತಮ್ಮ ಅದು." ಬೇರೆ ಹೆಂಟೆ, ಮತ್ತೆ ಚೀಟಿ. ನನ್ನದು ಎರಡು, ಅವರದು ನಾಲ್ಕು. ಐದು ಕಡೆ ನೋಡಿದೆವು. ಐದೂ ಕಡೆ ಹಾಗೇ.

"ರಾತ್ರಿ ಎಷ್ಟು ಹೊತ್ತು ಮಲಗಿದೆ?"

"ಮಲಗಿದ್ದೆ ಮಾವ."

"ಕಣ್ಣು ನೋಡಿದರೆ ಗೊತ್ತಾಗತ್ತೆ. ನಿದ್ದೆಗೆಟ್ಟ ಕಣ್ಣಿಗೆ ಬಣ್ಣ ಹತ್ತಲ್ಲ. ಬಾಣಂತಿ ನೀನು, ತಪ್ಪಿಲ್ಲ." ಬೆನ್ನು ತಟ್ಟಿದರು. ಕೆಳಗೆ ನಿಂತಿದ್ದ ಸೈಟ್ ಇಂಜಿನಿಯರ್ ನಕ್ಕ. ನಾನೂ ನಕ್ಕೆ. ಅದೇ ನನ್ನ ದರಿದ್ರ.

ಮಗು ಅಲ್ಲಿಂದ ಇಪ್ಪತ್ತಡಿ ದೂರದಲ್ಲಿ ನಿದ್ದೆ ಮಾಡುತ್ತಿತ್ತು.


ಮೇ 2

ಇವರಿಗೆ ಹೇಳಿದೆ. ಊಟ ಮಾಡುತ್ತಲೇ ಕೇಳಿಸಿಕೊಂಡರು.

"ಅಪ್ಪ ಏನಂದ್ರು?"

"ನಿದ್ದೆ ಮಾಡು ಅಂದ್ರು."

"ಮತ್ತೆ? ಮಾಡು."

ಒಳಗಿನಿಂದ ಅತ್ತೆ: "ಮೂಗು ಹಿಂಡೋದ್ ಬಿಟ್ಟು ಮಲಗಿದ್ರೆ ಮಗೂನೂ ಮಲಗತ್ತೆ. ಆ ಕೂಸಿನ ಮೂಗು ಮೊದಲೇ ಗುಂಡಿ, ಒತ್ತಿ ಒತ್ತಿ ಚಪಾತಿ ಮಾಡ್ಬೇಡ."

ನನಗೂ ಅನುಮಾನ ಹತ್ತಿದೆ. ನನ್ನ ಕಣ್ಣೇ ಇರಬಹುದಾ... ಮಗುವಿನ ಹಳದಿ ನನಗೆ ಕಾಣುವುದಿಲ್ಲ, ಮಣ್ಣಿನ ಕಂದು ಕಾಣುವುದಿಲ್ಲ. ಎರಡೂ ಮಾವನಿಗೆ ಕಾಣುತ್ತವೆ.


ಮೇ 11

ನಿಧಾನವಾಗಿ ಬರೆಯಬೇಕು.

ಬಣ್ಣದ ಪುಸ್ತಕಕ್ಕೆ ಕೆಸರು ಮೆತ್ತಿತ್ತು. ನಿನ್ನೆ ಪುಟಗಳನ್ನು ಕಳಚಿ ಒರೆಸಿದೆ. ಮತ್ತೆ ಕೂರಿಸುವಾಗ ನಿದ್ದೆಗಣ್ಣು, ಎರಡು ಪುಟ ಹಿಂದುಮುಂದಾಗಿದೆ. ಗೊತ್ತಾಗಲಿಲ್ಲ. ಇವತ್ತು ದಿಬ್ಬದ ಮೇಲ್ಭಾಗದ ಹೊಸ ಗುಂಡಿಗೆ ಹೋಗಿದ್ದೆವು. ಹನ್ನೊಂದು ಗಂಟೆಯ ಬಿಸಿಲು. ಮಾವ ಪುಸ್ತಕ ತೆಗೆದರು. ಹೆಬ್ಬೆರಳಿನಿಂದ ಪುಟ ಎಣಿಸಿದರು. ತೂತುಗಳನ್ನು ಬೆರಳಿನಿಂದ ಎಣಿಸಿದರು. ಅಲ್ಲಿಗೆ ಹೆಂಟೆ ಹಿಡಿದರು, ಒಂದು ಕ್ಷಣ. ಬರೆದರು. ಹತ್ತು ವೈಆರ್, ಐದಕ್ಕೆ ನಾಲ್ಕು.

ನಾನು ಪುಸ್ತಕ ಈಸಿಕೊಂಡೆ. ಅವರು ತೆರೆದ ಪುಟ ಹಾಗೇ ಇತ್ತು. ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ಎರಡೂವರೆ ವೈ. ಬೇರೆಯದೇ ಪುಟ.

ಓದಿರಲಿಲ್ಲ. ನೋಡಿಯೂ ಇರಲಿಲ್ಲ. ಈ ಊರಿನ ಮಣ್ಣು ಮೂವತ್ತು ವರ್ಷದಿಂದ ಐದಕ್ಕೆ ನಾಲ್ಕು, ಅದಕ್ಕೇ ಇವತ್ತೂ ಐದಕ್ಕೆ ನಾಲ್ಕು. ಬಾಯಿಪಾಠ.

ಪುಟಗಳನ್ನು ಸರಿಯಾಗಿ ಕೂರಿಸಿದೆ.

ಸಂಜೆ ಹಿತ್ತಲಲ್ಲಿ ಗುಬ್ಬಿಯ ಬಟ್ಟೆ ಮಡಚುತ್ತಿದ್ದೆ. ಎರಡು ತುಂಡು ಎತ್ತಿ ಹಿಡಿದೆ. ಒಂದು ಅಚ್ಚ ಬಿಳಿ, ಒಂದು ತಿಳಿಹಳದಿ. "ಮಾವ, ಬಿಳಿದು ಯಾವುದು ಹೇಳಿ, ಬೇರೆ ಇಡ್ಬೇಕು."

"ಎರಡೂ ಒಂದೇ ಅಲ್ವೇನಮ್ಮ? ಒಗೆದು ಒಗೆದು ಹಳದಿಯಾಗಿವೆ."

ಎರಡನ್ನೂ ಮಡಚಿ ಬೇರೆ ಬೇರೆ ಇಟ್ಟೆ. ಮಗು ಹಳದಿಯಲ್ಲ. ಎಂದೂ ಇರಲಿಲ್ಲ. ಹಳದಿ ಇರುವುದು ಅವರ ಕಣ್ಣಿನಲ್ಲಿ. ಪೊರೆ. ನಾಲ್ಕು ತಿಂಗಳು ನಾನು ರಾತ್ರಿಯೆಲ್ಲ ಎದ್ದು ಮೂಗು ಒತ್ತಿದ್ದು, ಎರಡು ಸಲ ಆ ಎಳೆಗೈಗೆ ಸೂಜಿ ಚುಚ್ಚಿಸಿದ್ದು... ಅವರ ಪೊರೆಗೆ. ನನ್ನ ನಿದ್ದೆ ಕೆಡಿಸಿದವರೇ ನಿದ್ದೆಗೆಟ್ಟ ಕಣ್ಣು ಅಂದರು.


ಮೇ 12, ಬೆಳಗಿನ ಜಾವ

ಇವರು ಪಾಳಿ ಮುಗಿಸಿ ಬಂದ ಕೂಡಲೇ ಹೇಳಿದೆ. ಆಶ್ಚರ್ಯಪಡಲಿಲ್ಲ. ಶೂ ಬಿಚ್ಚುತ್ತ ಕೂತರು. ಒಂದು ಶೂ ಬಿಚ್ಚಲು ಅಷ್ಟು ಹೊತ್ತು ಬೇಕಾಗಿಲ್ಲ.

"ನಿಮಗೆ ಗೊತ್ತಿತ್ತು."

"ಹೋದ ವರ್ಷ ಕಣ್ಣಿನ ಡಾಕ್ಟರ್ ಹತ್ರ ನಾನೇ ಕರ್ಕೊಂಡ್ ಹೋಗಿದ್ದೆ. ಆಪರೇಷನ್ ಬೇಡ ಅಂತ ಹಟ. ಕಣ್ಣಿಗೆ ಕತ್ತಿ ಹಾಕಿಸ್ಕೊಂಡ ಅಂದ್ರೆ ನಾಳೆ ಯಾರು ನನ್ನ ಬಣ್ಣ ನಂಬ್ತಾರೆ ಅಂತಾರೆ. ಡಿಸೆಂಬರ್‌ಗೆ ರಿಟೈರ್‌ಮೆಂಟು. ಅಲ್ಲೀವರೆಗೆ ತಳ್ಳೋಣ ಅಂತ."

"ಅತ್ತೆಗೂ ಗೊತ್ತಾ?"

ಇನ್ನೊಂದು ಶೂವಿಗೆ ಕೈ ಹಾಕಿದರು.

"ಮಗು ಹಳದಿ ಅಂತ ಅವರು ಅಂದಾಗೆಲ್ಲ ನೀವಿಬ್ಬರೂ ಅಲ್ಲೇ ಇದ್ರಿ."

"ಅಪ್ಪನ ಮುಂದೆ ಹೇಗೇ ಹೇಳೋದು? ಡಾಕ್ಟರ್ ಏನೂ ಇಲ್ಲ ಅಂದಿದ್ರಲ್ಲ. ನೀನು ನಂಬ್ತೀಯ ಅಂದ್ಕೊಂಡೆ."

ಹೌದು. ಡಾಕ್ಟರನ್ನು ನಂಬದೆ ಮಾವನನ್ನು ನಂಬಿದವಳು ನಾನೇ. ಈ ಮನೆಯಲ್ಲಿ ಅವರ ಕಣ್ಣನ್ನು ನಿಜಕ್ಕೂ ನಂಬಿದ್ದವಳು ನಾನೊಬ್ಬಳೇ. ಉಳಿದವರು ನಂಬಿದ ಹಾಗೆ ನಡೆದುಕೊಳ್ಳುತ್ತಿದ್ದರು. ಅದು ಮರ್ಯಾದೆಯಂತೆ.

"ದಿಬ್ಬದ ವಿಷಯ?" ಅಂದೆ.

"ಇಷ್ಟು ವರ್ಷದಿಂದ ಬೀಳದ್ದು ಈಗ ಬೀಳತ್ತಾ? ಮಲಗು."


ಮೇ 20

ವರದಿ ಹೋಯಿತು. ನೀರು ಇಳಿಯುವ ಮಣ್ಣು, ಸ್ಥಳಾಂತರ ಬೇಕಿಲ್ಲ. ಮಾವನ ಸಹಿ. ಎರಡನೆಯವಳಾಗಿ ನನ್ನ ಹೆಸರು, ನನ್ನ ಚೀಟಿಗಳಿಲ್ಲದೆ. ನಿಯಮ ನಿಯಮವೇ.

ಮಾವನಿಗೆ ನೇರವಾಗಿ ಹೇಳಲು ಬಾಯಿ ಬರಲಿಲ್ಲ. "ಬೇರೆ ಲ್ಯಾಬಿಗೊಂದು ಸಲ ಕಳಿಸೋಣ ಮಾವ," ಅಂದೆ, ಅಷ್ಟೇ. ನನ್ನನ್ನು ತುಂಬ ಹೊತ್ತು ನೋಡಿದರು. ನಾನು ಅವರಿಗೆ ಯಾವ ಬಣ್ಣ ಕಾಣುತ್ತಿದ್ದೆನೋ.

"ನಾನು ಕಲಿಸಿದ ಕೈ ನನಗೇ ತಿರುಗಿತಾ?" ಅಂದರು. ಕೋಪದಲ್ಲಲ್ಲ. ಕೋಪದಲ್ಲಿ ಅಂದಿದ್ದರೆ ಚೆನ್ನಾಗಿತ್ತು.

ಸೈಟ್ ಇಂಜಿನಿಯರಿಗೆ ಗುಟ್ಟಾಗಿ ಫೋನ್ ಮಾಡಿದೆ. ಅವನು ತುಂಬ ಒಳ್ಳೆಯವನು. ಒಳ್ಳೆಯತನದಿಂದಲೇ ಕೊಂದ.

"ಮೇಡಂ, ನಿಮ್ಮ ಪಾಪು ಅಲ್ಲೇ ಇರತ್ತಂತಲ್ಲ. ಭಯ ಸಹಜ. ನಮ್ಮ ಮನೆಯವರೂ ಹೀಗೇ, ಫ್ಯಾನ್ ಬೀಳತ್ತೆ ಅಂತ ಒಂದು ವರ್ಷ ಹಾಲಲ್ಲಿ ಮಲಗಿದ್ರು."

"ಬಣ್ಣ ಬೂದು ಇದೆ ಸರ್. ನಾನು ಐದು ಕಡೆ ನೋಡಿದೀನಿ."

"ಸಾಹೇಬ್ರು ಹೇಳ್ಲಿ ಮೇಡಂ. ಅವರು ಒಂದು ಮಾತು ಹೇಳಿದ್ರೆ ಹತ್ತು ನಿಮಿಷದಲ್ಲಿ ಬಸ್ ತಂದು ನಿಲ್ಲಿಸ್ತೀನಿ, ಸೈರನ್ ಹಾಕಿಸ್ತೀನಿ. ಅವರ ವರದಿ ಮೀರಿ ನಾನು ಜನಾನ ಎಬ್ಬಿಸಿದ್ರೆ ನಾಳೆ ನನ್ನನ್ನೇ ಎಬ್ಬಿಸ್ತಾರೆ."


ಜೂನ್ 4

ಇವತ್ತಿನಿಂದ ಗುಬ್ಬಿ ಮನೆಯಲ್ಲಿ. ಅತ್ತೆ ನೋಡಿಕೊಳ್ಳುತ್ತಾರೆ, ಸೊಂಟನೋವಿನ ಸಮೇತ.

ಬಟ್ಟೆಬರೆ ತರಲು ಹೋದಾಗ ತೊಟ್ಟಿಲಕ್ಕ ಎಲ್ಲ ಮಡಚಿ ಚೀಲದಲ್ಲಿ ಇಟ್ಟಿದ್ದಳು. ಯಾಕೆ ಎಂದು ಕೇಳಲಿಲ್ಲ. ನಾನೇ ಹೇಳಿದೆ. ದಿಬ್ಬ ಸರಿಯಿಲ್ಲ ಅಕ್ಕ, ಮಳೆ ಹಿಡಿದರೆ ನೀವೂ ಇರಬೇಡಿ.

"ವರದೀಲಿ ಏನೂ ಆಗಲ್ಲ ಅಂತ ಬರೆದಿದೀರಂತೆ. ಇಂಜಿನಿಯರ್ ಬಂದು ಓದಿ ಹೇಳಿದ್ರು. ನಿಮ್ಮ ಹೆಸರೂ ಇದೆ ಅಂದ್ರು."

ಚೀಲದ ಬಾಯಿ ಕಟ್ಟಿದೆ.

"ನಮಗೆ ಒಂದು ಬರೀತೀರಿ, ನಿಮ್ಮ ಕೂಸಿಗೆ ಇನ್ನೊಂದು. ತಗೊಂಡ್ ಹೋಗಿ ತಾಯಿ. ತಪ್ಪು ಅಂತ ಹೇಳಲ್ಲ, ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ. ಆದರೆ ನನ್ನ ಮುಖ ನೋಡ್ಕೊಂಡು 'ನೀವೂ ಇರಬೇಡಿ' ಅನ್ಬೇಡಿ. ಎಲ್ಲಿಗೆ ಹೋಗ್ಲಿ, ನಿಮ್ಮನೆಗೆ ಬರ್ಲಾ?"

ಬನ್ನಿ ಅನ್ನಲಿಲ್ಲ. ನಾಲಿಗೆಯ ತುದಿಗೆ ಬಂತು, ಅತ್ತೆಯ ಮುಖ ನೆನಪಾಯಿತು, ಹಿಂದಕ್ಕೆ ಹೋಯಿತು. ಒಳಗೆ ಉಳಿದ ಮೂರು ಮಕ್ಕಳು ಸಾಲಾಗಿ ಮಲಗಿದ್ದವು. ಗುಬ್ಬಿಯ ಜಾಗ ಬಿಟ್ಟು.


ಜೂನ್ 5

ಅತ್ತೆ: "ಸರಿಹೋಯ್ತಲ್ಲ ಈಗ. ಕೂಸು ಮನೇಲಿದೆ. ಇನ್ನಾದ್ರೂ ಮಲಗು."

ಇವರು: "ನೋಡು, ಸುಮ್ನೆ ದೊಡ್ಡದು ಮಾಡ್ದೆ."

ಎಲ್ಲರಿಗೂ ಸಮಾಧಾನವಾಗಿದೆ. ನನಗೂ ಆಗಿದೆ. ಅದೇ ಹೇಸಿಗೆ.


ಜೂನ್ 19

ಮಳೆಯ ನಾಲ್ಕನೇ ದಿನ. ಬಿಟ್ಟೂ ಬಿಡದೆ. ಲ್ಯಾಬಿನಿಂದ ಹಾಗೇ ದಿಬ್ಬಕ್ಕೆ ಹೋದೆ, ಕೊಡೆ ಮುರಿಯಿತು. ಆ ಪದರದಿಂದ ನೀರು ಒಸರುತ್ತಿದೆ. ಸೊಂಟದೆತ್ತರದಲ್ಲಿ, ಗೆರೆ ಎಳೆದ ಹಾಗೆ, ಉದ್ದಕ್ಕೂ. ನಿನ್ನೆ ತಿಳಿಯಾಗಿತ್ತಂತೆ. ಇವತ್ತು ಕದಡಿದೆ. ಮಣ್ಣು ಬರುತ್ತಿದೆ.

ತೊಟ್ಟಿಲಕ್ಕನ ಬಾಗಿಲು ತಟ್ಟಿದೆ. ಕಿಟಕಿಯಿಂದ ನೋಡಿದಳು, ಪರದೆ ಎಳೆದಳು. ಪಕ್ಕದ ಮನೆಯ ಗಂಡಸು ಹೊರಗೆ ಬಂದು, "ಬರೆದುಕೊಟ್ಟಿದ್ದು ನೀವೇ, ಹೆದರಿಸೋದೂ ನೀವೇ. ಏನ್ ಮೇಡಂ, ಎರಡು ಕಡೆ ಸಂಬಳವಾ?" ಅಂದ. ಎಲ್ಲರೂ ನಕ್ಕರು. ಸಿಟ್ಟಿನ ನಗು.

ಮನೆಗೆ ಬಂದು ಮಾವನಿಗೆ ಹೇಳಿಯೇಬಿಟ್ಟೆ. ಒದ್ದೆ ಬಟ್ಟೆಯಲ್ಲೇ. "ಮಾವ, ನಿಮಗೆ ಪೊರೆ ಇದೆ. ನನಗೆ ಗೊತ್ತು. ಎಲ್ಲರಿಗೂ ಗೊತ್ತು."

ಅತ್ತೆ ಕೈಲಿದ್ದ ಪಾತ್ರೆ ಕೆಳಗಿಟ್ಟರು. ಮಾವ ಎದ್ದರು. ಗೋಡೆ ಹಿಡಿದುಕೊಂಡು ಕೋಣೆಗೆ ಹೋದರು. ಚಿಲಕ ಹಾಕಿಕೊಂಡರು. ಊಟಕ್ಕೆ ಬರಲಿಲ್ಲ.

"ಸಮಾಧಾನವಾಯ್ತಾ?" ಅಂದರು ಅತ್ತೆ.


ಜೂನ್ 20, ರಾತ್ರಿ 2.50

ಮಾವ,

ಈ ಹಾಳೆಯನ್ನು ಹರಿದು ನಿಮ್ಮ ಬಾಗಿಲ ಕೆಳಗೆ ತಳ್ಳುತ್ತೇನೆ. ನಿಮಗೆ ಕಾಣಲೆಂದು ದೊಡ್ಡದಾಗಿ ಬರೆಯುತ್ತಿದ್ದೇನೆ. ನೀವು ಎಚ್ಚರವಾಗಿದ್ದೀರಿ. ಬಾಗಿಲ ಕೆಳಗೆ ಬೆಳಕಿದೆ. ಮೂರು ಸಲ ತಟ್ಟಿದೆ. "ಬೆಳಿಗ್ಗೆ ಮಾತಾಡೋಣ" ಅಂದಿರಿ. ಬೆಳಿಗ್ಗೆಗೆ ತಡವಾಗುತ್ತದೆ.

ಇವರು ಪಾಳಿಯಲ್ಲಿದ್ದಾರೆ, ಒಳಗೆ ಫೋನ್ ಒಯ್ಯುವ ಹಾಗಿಲ್ಲ. ಅಗ್ನಿಶಾಮಕದವರಿಗೆ ಮಾಡಿದೆ. ಬಿದ್ದಿದೆಯಾ ಅಂತ ಕೇಳಿದರು. ಇಲ್ಲ ಅಂದೆ. ಬಿದ್ದ ಮೇಲೆ ಮಾಡಿ ಅಂದರು. ಇಂಜಿನಿಯರಿಗೆ ಮಾಡಿದೆ. ಮಲಗಿದ್ದ, ಬೈಯಲಿಲ್ಲ. ಅದೇ ಮಾತು. ಸಾಹೇಬರು ಹೇಳಲಿ.

ನಾನು ಕೆಳಗಿನ ಸಾಲಿಗೆ ಹೋಗುತ್ತಿದ್ದೇನೆ. ಬಾಗಿಲು ಬಡಿಯುತ್ತೇನೆ. ನನಗಾಗಿ ಯಾರೂ ಏಳುವುದಿಲ್ಲ, ಗೊತ್ತು. ಸೈರನ್ ಆದರೆ ಏಳುತ್ತಾರೆ. ಸೈರನ್ ನಿಮ್ಮ ಒಂದು ಮಾತಿನಲ್ಲಿದೆ. ಗುಬ್ಬಿ ಅತ್ತೆಯ ಪಕ್ಕದಲ್ಲಿದ್ದಾಳೆ, ಹಾಲು ಕುಡಿಸಿದ್ದೇನೆ. ನನ್ನ ಮಗುವಿಗಾಗಿ ಹೆದರಿದ್ದೇನೆ ಎಂದು ಈಗಲಾದರೂ ಯಾರೂ ಅನ್ನುವ ಹಾಗಿಲ್ಲ.

ಪೊರೆಯ ಮಾತು ಎತ್ತಲೇಬೇಡಿ. ಹೀಗೆ ಹೇಳಿ: ಸೊಸೆ ಚೀಟಿ ಅದಲುಬದಲು ಮಾಡಿದ್ದಾಳೆ, ಹಸುಗೂಸಿನ ತಾಯಿ, ನಿದ್ದೆಯಿಲ್ಲ, ನಾನು ಬರೆದದ್ದು ಎರಡು, ಅವಳು ಸೇರಿಸಿದ್ದು ನಾಲ್ಕು, ಈಗ ನೋಡಿದೆ. ಎಲ್ಲರೂ ನಂಬುತ್ತಾರೆ. ಎಲ್ಲಿ ಬೇಕಾದರೂ ಸಹಿ ಹಾಕುತ್ತೇನೆ. ನಿಮ್ಮ ಕಣ್ಣು ನಿಮ್ಮದಾಗಿಯೇ ಇರಲಿ. ನನ್ನದು ಕೆಟ್ಟಿದೆ ಅಂತಲೇ ಇರಲಿ. ಕೆಲಸ ಬಿಡು ಅಂದರೆ ಬಿಡುತ್ತೇನೆ.

ಇಂಜಿನಿಯರಿನ ನಂಬರ್ ಹಾಳೆಯ ಹಿಂದೆ ಇದೆ, ಇನ್ನೂ ದೊಡ್ಡದಾಗಿ. ಕಾಣದಿದ್ದರೆ ಅತ್ತೆಯನ್ನು ಎಬ್ಬಿಸಿ, ಅವರು ಒತ್ತಿಕೊಡುತ್ತಾರೆ. ನಾಚಿಕೆಪಡಬೇಡಿ ಮಾವ, ಅವರಿಗೆ ಮೊದಲಿನಿಂದ ಗೊತ್ತು.

ಬೆಳಗಾಗುವುದರೊಳಗೆ ಫೋನ್ ಮಾಡಿ. ನನ್ನ ಮೇಲಿನ ಸಿಟ್ಟು ಹಾಗೇ ಇಟ್ಟುಕೊಂಡೇ ಮಾಡಿ. ನಾನು ಗೇಟು ದಾಟುವಷ್ಟರಲ್ಲಿ ನಿಮ್ಮ ದನಿ ಕೇಳಿಸಿದರೆ ಸಾಕು, ಒಂದೇ ಒಂದು ಸಲ ಫೋನ್ ಎತ್ತಿಕೊಂಡು ಐದಕ್ಕೆ ಎರಡು ಅನ್ನಿ.